‘ನೋವಾಗಿದ್ದರೆ’ ಎಂದು ಬರೆದವಳು ನಾನೇ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ರಾಜಕೀಯದ ಗಲಾಟೆ ಎದ್ದಾಗ ಕಂಪನಿಗಳ ಮುಖ್ಯಸ್ಥರು ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ ಎಂದು ಅದರಲ್ಲಿತ್ತು. ಎರಡು ದಿನ ಬಿಟ್ಟು ಇದೇ ಓದುಗರ ಅಂಕಣದಲ್ಲಿ ಒಬ್ಬರು, ಅಂಥ ಹೊತ್ತಿನಲ್ಲಿ ಬಾಯಿ ಬಿಡದವರು ಹೇಡಿಗಳು ಎಂದು ಬರೆದರು. ಎರಡನ್ನೂ ಓದಿ ನನಗೆ ನಗು ಬಂತು. ಆಮೇಲೆ ಸ್ವಲ್ಪ ಬೇಜಾರೂ ಆಯಿತು. ಯಾಕೆಂದರೆ ಅಂಥ ಹೇಳಿಕೆಗಳನ್ನು 22 ವರ್ಷ ಕೂತು ಬರೆದವಳು ನಾನು.

ಕಂಪನಿಯ ಹೆಸರು ಬೇಡ. ನನ್ನ ಹೆಸರನ್ನೂ ದಯವಿಟ್ಟು ಹಾಕಬೇಡಿ. ದೊಡ್ಡ ಕಂಪನಿ, ಬಾಗಿಲ ಮೇಲೆ ‘ಕಾರ್ಪೊರೇಟ್ ಕಮ್ಯುನಿಕೇಷನ್ಸ್’ ಎಂಬ ಬೋರ್ಡು, ಒಳಗೆ ನಾವು ಐದು ಜನ. ಎಂಡಿಯವರ ಭಾಷಣ, ಸಂದರ್ಶನದ ಉತ್ತರ, ಶುಭಾಶಯ, ಸಂತಾಪ ಎಲ್ಲ ನಮ್ಮ ಕೋಣೆಯಿಂದಲೇ ಹೋಗುತ್ತಿತ್ತು. ಗಲಾಟೆಯಾದಾಗ ಹೋಗುವ ಪ್ರೆಸ್ ನೋಟ್ ಮಾತ್ರ ನನ್ನ ಕೈಯಿಂದಲೇ ಹೋಗಬೇಕಿತ್ತು. ಅದರಲ್ಲಿ ನನ್ನ ಕೈ ಪಳಗಿದೆ ಎಂದು ಎಲ್ಲರಿಗೂ ನಂಬಿಕೆ. ಪಳಗಿತ್ತು ಕೂಡ. ಏನನ್ನೂ ಹೇಳದೆ ಒಂದು ಪುಟ ತುಂಬಿಸುವುದು ಸುಲಭದ ಕೆಲಸವಲ್ಲ ಸ್ವಾಮಿ.

ಕಾಗದ ಉದ್ದವಾಗುತ್ತದೆ. ಕತ್ತರಿ ನಿಮ್ಮ ಕೈಯಲ್ಲೇ ಇದೆ.

ಮೊದಲು ಒಂದು ಸಾಲನ್ನು ನೋಡಿ. ‘ನಮ್ಮ ಹೇಳಿಕೆಯಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇವೆ.’ ಇದನ್ನು ನೀವೂ ನೂರು ಸಲ ಅಚ್ಚು ಹಾಕಿದ್ದೀರಿ. ಇದರಲ್ಲಿರುವ ಒಂದೊಂದು ಪದವೂ ತಪ್ಪಿಸಿಕೊಳ್ಳಲು ಇಟ್ಟ ಹಿತ್ತಿಲ ಬಾಗಿಲು. ‘ಯಾರಿಗಾದರೂ’ ಅಂದರೆ ಇಂಥವರಿಗೆ ಎಂದು ಹೇಳುವುದಿಲ್ಲ ಅಂತ. ‘ಆಗಿದ್ದರೆ’ ಅಂದರೆ ನಿಮಗೆ ನಿಜವಾಗಿ ನೋವಾಗಿದೆಯೋ ಇಲ್ಲವೋ ನಮಗೆ ಅನುಮಾನ ಅಂತ. ‘ವಿಷಾದ’ ಕ್ಷಮೆಯಲ್ಲ, ಯಾರೋ ತೀರಿಕೊಂಡಾಗಲೂ ಬಳಸುವ ಪದ. ತಪ್ಪು ಮಾಡಿದವನೂ ವಿಷಾದಿಸಬಹುದು, ದಾರಿಯಲ್ಲಿ ಹೋಗುವವನೂ ವಿಷಾದಿಸಬಹುದು. ಇನ್ನು ಕೊನೆಯ ‘ಏವೆ’. ವಿಷಾದಿಸುತ್ತಿರುವ ಆ ‘ನಾವು’ ಯಾರು? ಎಂಡಿಯೋ, ಡೈರೆಕ್ಟರುಗಳೋ, ಗೇಟಿನ ಕಾವಲುಗಾರನೋ?

ಇಲ್ಲೊಂದು ಮಾತು ಹೇಳಬೇಕು. ಕನ್ನಡದಲ್ಲಿ ಮನೆಯೊಳಗೆ ನಾವು ಕ್ಷಮೆ ಕೇಳುವುದು ‘ತಪ್ಪಾಯ್ತು’ ಎಂದು. ಅದರಲ್ಲೂ ‘ನಾನು’ ಇಲ್ಲ. ಯಾರು ಮಾಡಿದ ತಪ್ಪು ಎಂದೂ ಇಲ್ಲ. ಆದರೂ ಕೇಳಿಸಿಕೊಂಡವರಿಗೆ ಸಮಾಧಾನವಾಗುತ್ತದೆ. ಹೇಳಿದವರು ಎದುರಿಗೇ ನಿಂತಿರುತ್ತಾರಲ್ಲ, ಅದಕ್ಕೆ. ಪ್ರೆಸ್ ನೋಟಿನ ಎದುರು ಯಾರೂ ನಿಂತಿರುವುದಿಲ್ಲ. ಹಾಗಾಗಿ ಅದರಲ್ಲಿ ‘ನಾನು’ ಎಂದು ಬರೆಯಲೇಬೇಕು. ಇದು ಅರ್ಥವಾಗಲು ನನಗೆ ರಿಟೈರ್ ಆಗುವವರೆಗೆ ಬೇಕಾಯಿತು.

ಈಗ ಆ ರಾತ್ರಿಯ ಕಥೆಗೆ ಬರುತ್ತೇನೆ.

ನಮ್ಮ ಎಂಡಿ ಒಂದು ಸೆಮಿನಾರಿಗೆ ಹೋಗಿದ್ದರು. ಸರ್ಕಾರ ಆಗಷ್ಟೇ ಹೊರಡಿಸಿದ್ದ ಒಂದು ಆದೇಶದ ಬಗ್ಗೆ ಸಭಿಕರೊಬ್ಬರು ಕೇಳಿದರು. ನಮ್ಮವರು ನಾನು ಬರೆದುಕೊಟ್ಟ ಉತ್ತರ ಬಿಟ್ಟು, ‘ಅದನ್ನು ಬರೆದವರು ಒಂದು ದಿನ ನಮ್ಮ ಗೋದಾಮಿಗೆ ಬಂದು ನಿಂತು ನೋಡಲಿ, ಆಮೇಲೆ ಬರೆಯಲಿ’ ಎಂದುಬಿಟ್ಟರು. ಸಭೆ ನಕ್ಕಿತು. ಇವರೂ ನಕ್ಕರು. ಆ ಆದೇಶಕ್ಕಾಗಿ ಒಂದು ಸಮುದಾಯದ ಜನ ವರ್ಷಗಟ್ಟಲೆ ಕಾದಿದ್ದರು. ನಗು ಸಮೇತ 14 ಸೆಕೆಂಡಿನ ತುಣುಕು ಸಂಜೆಯ ಹೊತ್ತಿಗೆ ಎಲ್ಲರ ಫೋನಿನಲ್ಲಿತ್ತು. ಒಂದು ಕಡೆಯವರು ನಮ್ಮನ್ನು ಬಹಿಷ್ಕರಿಸಿ ಎಂದರು. ಇನ್ನೊಂದು ಕಡೆಯವರು ನಮ್ಮ ಎಂಡಿಯನ್ನು ಹೊತ್ತು ಮೆರೆಸಿದರು. ನಮಗೆ ಜಾಸ್ತಿ ಭಯವಾದದ್ದು ಈ ಎರಡನೆಯವರನ್ನು ನೋಡಿ.

ರಾತ್ರಿ ಒಂಬತ್ತಕ್ಕೆ ಕೂತೆವು. ನಾನು, ಲೀಗಲ್‌ನವರೊಬ್ಬರು, ಹೊರಗಿನಿಂದ ಬಂದ ಪಿಆರ್ ಏಜೆನ್ಸಿಯ ಹುಡುಗ, ಫೋನಿನಲ್ಲಿ ಎಚ್‌ಆರ್ ಹೆಡ್. ಎಂಡಿ ಕಿಟಕಿ ಹತ್ತಿರ ನಿಂತಿದ್ದರು, ಕೂರಲೇ ಇಲ್ಲ. ಏಜೆನ್ಸಿಯ ಹುಡುಗ ಅರ್ಧ ಗಂಟೆಗೊಮ್ಮೆ ಲ್ಯಾಪ್‌ಟಾಪ್ ನೋಡಿ ಲೆಕ್ಕ ಹೇಳುತ್ತಿದ್ದ. ಈಗ ಬೈಯುವವರು ಇಷ್ಟು, ಹೊಗಳುವವರು ಇಷ್ಟು. ಆ ಲೆಕ್ಕ ಬದಲಾದಂತೆಲ್ಲ ನನ್ನ ಡ್ರಾಫ್ಟ್ ಬದಲಾಯಿತು. ಬೈಯುವವರು ಹೆಚ್ಚಾದರೆ ‘ವಿಷಾದ’ ಮೇಲಿನ ಸಾಲಿಗೆ ಏರುತ್ತಿತ್ತು. ಹೊಗಳುವವರು ಹೆಚ್ಚಾದರೆ ಕೆಳಗಿನ ಪ್ಯಾರಾಕ್ಕೆ ಇಳಿಯುತ್ತಿತ್ತು. ಒಟ್ಟು 11 ಡ್ರಾಫ್ಟ್. ಅಷ್ಟು ಹೊತ್ತಿನಲ್ಲಿ ಆ ಸಮುದಾಯದ ಒಬ್ಬರಿಗಾದರೂ ಫೋನ್ ಮಾಡೋಣ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಲೀಗಲ್‌ನವರು ಕೆಟ್ಟವರಲ್ಲ. ‘ಕ್ಷಮೆ’ ಕಂಡಲ್ಲೆಲ್ಲ ಹೊಡೆದುಹಾಕುವುದು ಅವರ ಕೆಲಸ. ಕ್ಷಮೆ ಕೇಳಿದರೆ ನಾಳೆ ಕೋರ್ಟಿನಲ್ಲಿ ಅದೇ ತಪ್ಪೊಪ್ಪಿಗೆಯಾಗುತ್ತದೆ ಎಂಬ ಭಯ ಆ ವೃತ್ತಿಯಲ್ಲಿ ಎಲ್ಲರಿಗೂ ಇರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇದಕ್ಕೆಂದೇ 1986ರಲ್ಲಿ ಒಂದು ಕಾನೂನು ತಂದರು. ಅಪಘಾತವಾದ ಮೇಲೆ ಆಡಿದ ಸಹಾನುಭೂತಿಯ ಮಾತನ್ನು ತಪ್ಪಿಗೆ ಸಾಕ್ಷಿಯಾಗಿ ಬಳಸುವಂತಿಲ್ಲ ಎಂದು. ಅಯ್ಯೋ ಪಾಪ ಅನ್ನುವುದಕ್ಕೂ ಕಾನೂನಿನ ರಕ್ಷಣೆ ಬೇಕಾಯಿತು ನೋಡಿ. ಆದರೆ ನಮ್ಮದು ಅಪಘಾತವೂ ಅಲ್ಲ, ನಮ್ಮ ಮೇಲೆ ಯಾರೂ ಕೇಸು ಹಾಕುವುದರಲ್ಲೂ ಇರಲಿಲ್ಲ. ಸುಮ್ನೆ ಅಭ್ಯಾಸಬಲ.

ಬೆಳಗಿನ ಜಾವ 1.40ಕ್ಕೆ ನೋಟ್ ಹೊರಟಿತು. ‘ಯಾರಿಗಾದರೂ ನೋವಾಗಿದ್ದರೆ’ ಎಂದೇ. ಮರುದಿನ ಎರಡು ಪತ್ರಿಕೆಗಳು ‘ಕ್ಷಮೆ ಕೇಳಿದ ಕಂಪನಿ’ ಎಂದು ಶೀರ್ಷಿಕೆ ಕೊಟ್ಟವು. ನೋಟಿನಲ್ಲಿ ಕ್ಷಮೆ ಎಂಬ ಪದ ಒಂದು ಕಡೆಯೂ ಇರಲಿಲ್ಲ. ನಮ್ಮ ಕೋಣೆಯಲ್ಲಿ ಅವತ್ತು ಚಪ್ಪಾಳೆ. ಕೇಳದೆಯೇ ಕೇಳಿದ ಹಾಗಾಯಿತಲ್ಲ! ಮೂರು ದಿನದ ಮೇಲೆ ಹೊಗಳಿದ್ದವರು ತಿರುಗಿಬಿದ್ದರು. ನೀವೂ ಬಗ್ಗಿದಿರಾ ಎಂದರು. ಎರಡನೇ ನೋಟ್ ಹೋಯಿತು. ಎಂಡಿಯವರ ಮಾತನ್ನು ಸಂದರ್ಭದಿಂದ ಕಿತ್ತು ತೋರಿಸಲಾಗಿದೆ ಎಂದು. ಐದನೇ ದಿನ ಮೂರನೆಯದು. ಈ ವಿಷಯದಲ್ಲಿ ಕಂಪನಿಗೆ ಯಾವ ಅಭಿಪ್ರಾಯವೂ ಇಲ್ಲ ಎಂದು. ಮೂರಕ್ಕೂ ಕೈ ನನ್ನದೇ.

ಆರನೇ ದಿನ ಏನೋ ಕೆಲಸಕ್ಕೆಂದು ನಾನು ಕೆಳಗಿನ ಮಹಡಿಗೆ ಹೋದೆ. ಅಲ್ಲಿ ಗ್ರಾಹಕರ ಫೋನ್ ತೆಗೆಯುವ 40 ಜನ ಕೂರುತ್ತಾರೆ. ಬಹುಪಾಲು ಎಳೆಯ ಹುಡುಗ ಹುಡುಗಿಯರು. ಅವರಿಗೂ ನಾವು ಒಂದು ಹಾಳೆ ಕೊಟ್ಟಿದ್ದೆವು. ‘ನಿಮ್ಮ ಅಭಿಪ್ರಾಯವನ್ನು ಸಂಬಂಧಪಟ್ಟವರ ಗಮನಕ್ಕೆ ತರುತ್ತೇವೆ, ಕರೆ ಮಾಡಿದ್ದಕ್ಕೆ ಧನ್ಯವಾದ.’ ಒಬ್ಬ ಹುಡುಗಿಯ ಮೇಜಿನ ಮೇಲಿದ್ದ ಹಾಳೆ ನೋಡಿದೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಟು ಎಳೆದಿದ್ದಳು. ನಾಲ್ಕು ನಿಂತ ಗೀಟು, ಮೇಲೊಂದು ಅಡ್ಡ ಗೀಟು. ಅಂಥ ಐದೈದರ ಕಟ್ಟುಗಳು ಎಡಗಡೆ ಮೇಲಿನಿಂದ ಕೆಳಗಿನವರೆಗೆ ಹೋಗಿ, ತಿರುಗಿ ಬಲಗಡೆ ಶುರುವಾಗಿದ್ದವು. ಏನಮ್ಮಾ ಇದು ಎಂದೆ. ‘ಬೈದ ಫೋನು ಮೇಡಂ’ ಎಂದಳು. ಬರೀ ಲೆಕ್ಕಕ್ಕೆ ಇಟ್ಟಿದ್ದಳು, ಯಾರಿಗೂ ಕೊಡುವುದಕ್ಕಲ್ಲ. ಹಾಳೆಯ ಕೆಳಗೆ ಇನ್ನೆರಡು ಹಾಳೆಗಳಿದ್ದವು, ಎರಡನೇ ನೋಟಿನದು ಮತ್ತು ಮೂರನೆಯದು. ಮೂರನ್ನೂ ಜೋಡಿಸಿಕೊಂಡು ಕೇಳಿದಳು. ‘ಮೇಡಂ, ಇವತ್ತು ಯಾವುದು ಓದ್ಬೇಕು?’

ನಮ್ಮ ಮೊದಲ ನೋಟನ್ನು ಅವರೆಲ್ಲ ಓದಿದ್ದು ಬೆಳಿಗ್ಗೆ ಬರುವಾಗ, ತಮ್ಮ ತಮ್ಮ ಫೋನಿನಲ್ಲಿ. ಹೊರಗಿನವರ ಹಾಗೆಯೇ. ಎಂಟು ಗಂಟೆಗೆ ಮೊದಲ ಬೈಗುಳ ಬಂದಾಗ ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಆ ಹುಡುಗಿ ಅದೇ ಸಮುದಾಯದವಳು ಎಂದು ಆಮೇಲೆ ಯಾರೋ ಹೇಳಿದರು.

ಮಾತಾಡಬೇಕೋ ಬೇಡವೋ ಎಂಬ ನಿಮ್ಮ ಪತ್ರಿಕೆಯ ಚರ್ಚೆ ನನಗೆ ರುಚಿಸದಿರುವುದು ಇದಕ್ಕೇ. ಮಾತಾಡಿ ಉಳಿದವರಿದ್ದಾರೆ, ಮಾತಾಡಿ ಕೆಟ್ಟವರಿದ್ದಾರೆ. ಸುಮ್ಮನಿದ್ದವರ ಕಥೆಯೂ ಹಾಗೆಯೇ. ನಾನು ನೋಡಿದ ಮಟ್ಟಿಗೆ ಬಹಳಷ್ಟು ಜನ ಎಡವುವುದು ಯಾರಿಗೆ ಹೇಳುತ್ತಿದ್ದೇವೆ ಎಂದು ತೀರ್ಮಾನಿಸದೆ ಬಾಯಿ ತೆರೆಯುವುದರಿಂದ. ಎಲ್ಲರಿಗೂ ಆಗುವಂತೆ ಹೇಳಲು ಹೋಗುತ್ತಾರೆ, ಅದು ಯಾರಿಗೂ ಹೇಳಿದಂತಾಗುವುದಿಲ್ಲ.

ಡಿಸ್ನಿಯ ಕಥೆ ನಿಮಗೆ ನೆನಪಿರಬಹುದು. 2022ರ ಆರಂಭದಲ್ಲಿ ಫ್ಲಾರಿಡಾದಲ್ಲಿ ಒಂದು ಮಸೂದೆ ಬಂತು. ಶಾಲೆಯ ಕೆಳಗಿನ ತರಗತಿಗಳಲ್ಲಿ ಲೈಂಗಿಕ ಒಲವು ಮತ್ತು ಲಿಂಗ ಗುರುತಿನ ಬಗ್ಗೆ ಪಾಠ ಮಾಡಬಾರದು ಎಂಬ ಮಸೂದೆ. ಡಿಸ್ನಿಯ ದೊಡ್ಡ ಪಾರ್ಕು ಇರುವುದು ಅದೇ ರಾಜ್ಯದಲ್ಲಿ. ಮಸೂದೆ ತಂದವರಿಗೆ ಡಿಸ್ನಿ ಚುನಾವಣಾ ದೇಣಿಗೆ ಕೊಟ್ಟಿದ್ದೂ ಹೊರಗೆ ಬಿತ್ತು. ಆಗ ಸಿಇಒ ಆಗಿದ್ದವರು ಬಾಬ್ ಚಾಪೆಕ್. ಮಾರ್ಚ್ 7ರಂದು ಅವರು ನೌಕರರಿಗೆ ಒಂದು ಕಾಗದ ಬರೆದರು. ಕಂಪನಿಗಳ ಹೇಳಿಕೆಯಿಂದ ಯಾರ ಮನಸ್ಸೂ ಬದಲಾಗುವುದಿಲ್ಲ, ಅದನ್ನು ಈ ಕಡೆಯವರೋ ಆ ಕಡೆಯವರೋ ಆಯುಧ ಮಾಡಿಕೊಳ್ಳುತ್ತಾರೆ ಎಂಬ ಅರ್ಥದಲ್ಲಿ. ನಿಜ ಹೇಳಬೇಕೆಂದರೆ ಅದು ತಪ್ಪು ಮಾತೇನಲ್ಲ. ನನ್ನನ್ನು ಕೇಳಿದ್ದರೆ ನಾನೂ ಹೌದು ಅನ್ನುತ್ತಿದ್ದೆ. ಆದರೆ ಎರಡೇ ದಿನ. ಮಾರ್ಚ್ 9ರ ಷೇರುದಾರರ ಸಭೆಯಲ್ಲಿ, ಕಂಪನಿ ಈ ಮಸೂದೆಗೆ ಮೊದಲಿನಿಂದಲೂ ವಿರುದ್ಧವಾಗಿತ್ತು, ತೆರೆಮರೆಯಲ್ಲಿ ಕೆಲಸ ಮಾಡುತ್ತಿದ್ದೆವು ಎಂದರು. ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದುಡಿಯುವ ಸಂಸ್ಥೆಗಳಿಗೆ ದೊಡ್ಡ ದೇಣಿಗೆ ಘೋಷಿಸಿದರು. ಪಡೆಯಬೇಕಿದ್ದ ಸಂಸ್ಥೆಗಳಲ್ಲಿ ಮುಖ್ಯವಾದದ್ದೇ ಬೇಡ ಎಂದಿತು. ಮಾರ್ಚ್ 11ಕ್ಕೆ ಮತ್ತೊಂದು ಕಾಗದ. ಈ ಸಲ ನೇರವಾಗಿ ಕ್ಷಮೆ, ನಿಮ್ಮ ನಿರೀಕ್ಷೆಗೆ ತಕ್ಕಂತೆ ನಿಲ್ಲಲಿಲ್ಲ ಎಂದು. ಫ್ಲಾರಿಡಾದ ರಾಜಕೀಯ ದೇಣಿಗೆಯನ್ನೂ ನಿಲ್ಲಿಸಿದರು. ಐದು ದಿನದಲ್ಲಿ ಮೂರು ಮಾತು. ಕೆಳಗಿನ ಮಹಡಿಯ ಆ ಮೂರು ಹಾಳೆ ನನಗೆ ನೆನಪಾಗದೆ ಇರುತ್ತದೆಯೇ?

ಆಮೇಲೆ ಏನಾಯಿತು? ಮಾರ್ಚ್ 22ರಂದು ನೌಕರರು ಕೆಲಸ ಬಿಟ್ಟು ಹೊರಗೆ ಬಂದರು. 28ಕ್ಕೆ ಆ ರಾಜ್ಯ ಸರ್ಕಾರದ ಮುಖ್ಯಸ್ಥ, ಗವರ್ನರ್ ರಾನ್ ಡಿಸಾಂಟಿಸ್ ಮಸೂದೆಗೆ ಸಹಿ ಹಾಕಿದರು. ಇದು ಕಾನೂನಾಗಬಾರದಿತ್ತು, ರದ್ದಾಗಲಿ ಎಂದು ಡಿಸ್ನಿ ಅವತ್ತೇ ಹೇಳಿತು. ಏಪ್ರಿಲ್‌ನಲ್ಲಿ ಡಿಸಾಂಟಿಸ್ ಇನ್ನೊಂದಕ್ಕೆ ಸಹಿ ಹಾಕಿದರು. ಪಾರ್ಕಿನ ಜಾಗದಲ್ಲಿ ಡಿಸ್ನಿಗೆ 1967ರಿಂದ ಸ್ವಂತ ಊರಿನಂತೆ ಆಡಳಿತ ನಡೆಸಲು ಬಿಟ್ಟಿದ್ದ ವಿಶೇಷ ವಲಯವನ್ನು ರದ್ದು ಮಾಡುವ ಕಾನೂನು ಅದು. ಅಂದರೆ ಮೊದಲು ಸುಮ್ಮನಿದ್ದದ್ದಕ್ಕೆ ನೌಕರರು ಮುನಿದರು, ಆಮೇಲೆ ಮಾತಾಡಿದ್ದಕ್ಕೆ ಸರ್ಕಾರ ಮುನಿಯಿತು. ಎರಡೂ ದಂಡವನ್ನು ಒಂದೇ ವಸಂತದಲ್ಲಿ ತೆತ್ತರು. ನವೆಂಬರ್‌ನಲ್ಲಿ ಡಿಸ್ನಿಯ ಮಂಡಳಿ ಚಾಪೆಕ್ ಅವರನ್ನು ಇಳಿಸಿ, ಹಳೆಯ ಸಿಇಒ ಬಾಬ್ ಐಗರ್ ಅವರನ್ನು ವಾಪಸ್ ಕರೆಸಿತು. ಅದಕ್ಕೆ ನಷ್ಟದ ಲೆಕ್ಕವೂ ಕಾರಣ, ಬರೀ ಈ ಗಲಾಟೆಯಲ್ಲ.

ನಾನು ಈ ಕಥೆಯನ್ನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಮಾರ್ಚ್ 7ರ ಕಾಗದದಲ್ಲೇ ನಿಂತಿದ್ದರೆ ನೌಕರರು ಸಿಟ್ಟಾಗುತ್ತಿದ್ದರು, ಅಷ್ಟೇ. ಮೊದಲನೇ ದಿನವೇ ವಿರೋಧಿಸಿದ್ದರೆ ಸರ್ಕಾರ ಸಿಟ್ಟಾಗುತ್ತಿತ್ತು, ಅಷ್ಟೇ. ಯಾರ ಗಂಟಲು ಜೋರಿದೆಯೋ ಆ ಕಡೆಗೆ ತಿರುಗುತ್ತಾ ಹೋದರು. ನಮ್ಮ ಏಜೆನ್ಸಿಯ ಹುಡುಗನ ಲ್ಯಾಪ್‌ಟಾಪಿನ ಹಾಗೆ.

ಇದಕ್ಕೆ ಪೂರ್ತಿ ಬೇರೆ ಒಂದು ಉದಾಹರಣೆ ಕೆನೆತ್ ಫ್ರೇಜಿಯರ್. ಮರ್ಕ್ ಔಷಧ ಕಂಪನಿಯ ಸಿಇಒ ಆಗಿದ್ದರು. 2017ರ ಆಗಸ್ಟ್‌ನಲ್ಲಿ ಅಮೆರಿಕದ ಷಾರ್ಲಟ್ಸ್‌ವಿಲ್ ಎಂಬ ಊರಿನಲ್ಲಿ ಬಿಳಿಯ ಜನಾಂಗವಾದಿಗಳ ಮೆರವಣಿಗೆ ನಡೆದು ಹಿಂಸೆಯಾಯಿತು. ಅಧ್ಯಕ್ಷ ಟ್ರಂಪ್ ಎರಡೂ ಕಡೆಯನ್ನು ಒಂದೇ ತಕ್ಕಡಿಯಲ್ಲಿ ತೂಗಿದರು ಎಂಬ ಆಕ್ಷೇಪ ಎದ್ದಿತು. ಫ್ರೇಜಿಯರ್ ಅಧ್ಯಕ್ಷರ ಉತ್ಪಾದನಾ ಮಂಡಳಿಯಲ್ಲಿ ಸದಸ್ಯರಾಗಿದ್ದರು. 14ರ ಸೋಮವಾರ ಅದನ್ನು ಬಿಟ್ಟರು. ಹೇಳಿಕೆ ಕೆಲವೇ ಸಾಲು. ಕಂಪನಿಯ ಮುಖ್ಯಸ್ಥನಾಗಿಯೂ ನನ್ನ ಸ್ವಂತ ಆತ್ಮಸಾಕ್ಷಿಯಿಂದಲೂ ಇದನ್ನು ಮಾಡುತ್ತಿದ್ದೇನೆ ಎಂದಿದ್ದರು. ಒಂದು ಗಂಟೆಯೊಳಗೆ ಟ್ರಂಪ್ ಟ್ವಿಟರ್‌ನಲ್ಲಿ, ಇನ್ನು ಔಷಧದ ಬೆಲೆ ಇಳಿಸಲು ಇವರಿಗೆ ಪುರುಸೊತ್ತು ಸಿಗುತ್ತದೆ ಎಂದು ಕುಟುಕಿದರು. ಫ್ರೇಜಿಯರ್ ಎರಡನೇ ನೋಟ್ ಕಳಿಸಿ ಮೊದಲನೆಯದನ್ನು ಮೆತ್ತಗೆ ಮಾಡಲು ಹೋಗಲಿಲ್ಲ. ಇನ್ನೂ ಕೆಲವು ಸಿಇಒಗಳು ಒಬ್ಬೊಬ್ಬರಾಗಿ ಹೊರಟರು. 16ರಂದು ಟ್ರಂಪ್ ಅಂಥ ಎರಡೂ ಮಂಡಳಿಗಳನ್ನು ಮುಚ್ಚಿದರು. ಆ ಹೇಳಿಕೆ ಓದಿದ ದಿನ ನನಗೆ ಹೊಟ್ಟೆಕಿಚ್ಚಾಯಿತು. ಅದರಲ್ಲಿ ‘ನಾನು’ ಇತ್ತು. ಹಾಗೆ ಬರೆಯಲು ನಮ್ಮ ಕೋಣೆಯಲ್ಲಿ ಯಾರೂ ಬಿಡುತ್ತಿರಲಿಲ್ಲ.

ಹಾಗಂತ ಎಲ್ಲರೂ ಎಲ್ಲದಕ್ಕೂ ಆತ್ಮಸಾಕ್ಷಿ ಹೊತ್ತುಕೊಂಡು ಬರಲಿ ಎಂದಲ್ಲ. ನನ್ನ ಕಾಲದಲ್ಲೇ ಕೆಲವು ಮುಖ್ಯಸ್ಥರಿಗೆ ಇದೊಂದು ಚಟವಾಗಿತ್ತು. ರಾತ್ರಿ ನಿದ್ದೆ ಬಾರದಿದ್ದರೆ ಟ್ವೀಟ್. ಅದು ನನ್ನ ವೈಯಕ್ತಿಕ ಅಭಿಪ್ರಾಯ ಎಂದು ಕೆಳಗೆ ಒಂದು ಸಾಲು. ಮುಖ್ಯಸ್ಥರ ಖಾತೆಯಲ್ಲಿ ವೈಯಕ್ತಿಕ ಎಂಬುದು ಇರುವುದಿಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ತಲೆಗೆ ಹೋಗುವುದಿಲ್ಲ. ವೆಬ್ ಸಮಿಟ್ ಎಂಬ ದೊಡ್ಡ ತಂತ್ರಜ್ಞಾನ ಸಮ್ಮೇಳನ ನಡೆಸುವ ಪ್ಯಾಡಿ ಕಾಸ್‌ಗ್ರೇವ್ 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್-ಗಾಜಾ ಯುದ್ಧದ ಬಗ್ಗೆ ಹಾಗೇ ಬರೆದರು. ಗೂಗಲ್, ಮೆಟಾ, ಇಂಟೆಲ್ ಮುಂತಾದವು ಸಮ್ಮೇಳನಕ್ಕೆ ಬರುವುದಿಲ್ಲ ಎಂದವು. ಅವರು ಕ್ಷಮೆ ಕೇಳಿದರು, ಸಾಲಲಿಲ್ಲ. ಅದೇ ತಿಂಗಳು ಹುದ್ದೆ ಬಿಟ್ಟರು. ಮುಂದಿನ ಏಪ್ರಿಲ್‌ಗೆ ವಾಪಸ್ ಬಂದು ಅದೇ ಕುರ್ಚಿಯಲ್ಲಿ ಕೂತರು, ಅದು ಬೇರೆ ವಿಷಯ. ಅವರ ಮಾತು ಸರಿಯೋ ತಪ್ಪೋ ಎಂದು ನಾನು ಹೇಳುತ್ತಿಲ್ಲ. ಆ ಸಮ್ಮೇಳನಕ್ಕೆ ತಿಂಗಳುಗಟ್ಟಲೆ ದುಡಿದವರಿಗೆ ಅವತ್ತು ಬೆಳಿಗ್ಗೆ ಹೇಗಾಗಿರಬಹುದು ಎಂದಷ್ಟೇ ನನ್ನ ಯೋಚನೆ.

ಇನ್ನು ಸುಮ್ಮನಿರುವವರು. ನಿಮ್ಮ ಲೇಖಕರು ಹೊಗಳಿದ್ದು ಇವರನ್ನೇ. ಕ್ರಿಪ್ಟೊ ಹಣದ ವಹಿವಾಟು ನಡೆಸುವ ಕಾಯಿನ್‌ಬೇಸ್ ಕಂಪನಿಯ ಸಿಇಒ ಬ್ರಯಾನ್ ಆರ್ಮ್‌ಸ್ಟ್ರಾಂಗ್ 2020ರ ಸೆಪ್ಟೆಂಬರ್‌ನಲ್ಲಿ, ನಮ್ಮ ಕೆಲಸಕ್ಕೆ ಸಂಬಂಧವಿಲ್ಲದ ರಾಜಕೀಯ ನಮಗೆ ಬೇಡ ಎಂದು ಬಹಿರಂಗವಾಗಿ ಬರೆದರು. ಒಪ್ಪದವರು ಹಣ ತೆಗೆದುಕೊಂಡು ಹೋಗಬಹುದು ಎಂದರು. 60 ಜನ, ಅಂದರೆ ಸುಮಾರು ನೂರಕ್ಕೆ ಐದು ಜನ ಹೋದರು. 2021ರ ಏಪ್ರಿಲ್‌ನಲ್ಲಿ ಬೇಸ್‌ಕ್ಯಾಂಪ್ ಎಂಬ ಸಣ್ಣ ಸಾಫ್ಟ್‌ವೇರ್ ಕಂಪನಿಯೂ ಕಚೇರಿಯ ಸಂದೇಶಗಳಲ್ಲಿ ರಾಜಕೀಯದ ಚರ್ಚೆ ಬೇಡ ಎಂದಿತು. ಅಲ್ಲಿ ಮೂರರಲ್ಲಿ ಒಂದು ಪಾಲು ಜನ ಹೋದರು. ಸುಮ್ಮನಿರುತ್ತೇವೆ ಎನ್ನುವುದೂ ಒಂದು ಹೇಳಿಕೆಯೇ ಅಲ್ವಾ? ಅದಕ್ಕೂ ಖರ್ಚಿದೆ. ಆದರೆ ಇವರಿಬ್ಬರ ಬಗ್ಗೆ ನನಗೆ ಒಂದು ಮಟ್ಟಿಗೆ ಗೌರವವಿದೆ. ಹೇಳುವುದನ್ನು ಸ್ಪಷ್ಟವಾಗಿ ಹೇಳಿದರು, ಖರ್ಚು ತಾವೇ ಕೊಟ್ಟರು, ಮರುವಾರ ಮಾತು ತಿರುಗಿಸಲಿಲ್ಲ. ನಾನು ಒಪ್ಪುತ್ತೇನೋ ಇಲ್ಲವೋ, ಅಲ್ಲಿ ಕೆಲಸ ಮಾಡುವವನಿಗೆ ತಾನೆಲ್ಲಿದ್ದೇನೆ ಎಂದು ಗೊತ್ತಾಯಿತು.

ಗೊತ್ತಾಗದೆ ಹೋದದ್ದು ಬಡ್ ಲೈಟ್‌ನವರಿಗೆ. 2023ರ ಏಪ್ರಿಲ್ 1ರಂದು ಡಿಲನ್ ಮಲ್ವೇನಿ ಎಂಬ ಲಿಂಗ ಪರಿವರ್ತಿತ ಕಲಾವಿದೆ ಆ ಬಿಯರ್‌ನ ಪ್ರಚಾರಕ್ಕೆ ಒಂದು ವಿಡಿಯೊ ಹಾಕಿದರು. ಬಹಿಷ್ಕಾರ ಶುರುವಾಯಿತು. ಎರಡು ವಾರ ಕಂಪನಿಯ ಮುಖ್ಯಸ್ಥರಿಂದ ಉಸಿರಿಲ್ಲ. 14ಕ್ಕೆ ಸಿಇಒ ಬ್ರೆಂಡನ್ ವಿಟ್‌ವರ್ತ್ ಹೇಳಿಕೆ ಕೊಟ್ಟರು. ಜನರನ್ನು ಒಡೆಯುವ ಚರ್ಚೆಯ ಭಾಗವಾಗುವುದು ನಮ್ಮ ಉದ್ದೇಶವಾಗಿರಲಿಲ್ಲ, ನಾವು ಜನರನ್ನು ಒಟ್ಟುಗೂಡಿಸುವವರು ಎಂದು. ಅದರಲ್ಲಿ ಮಲ್ವೇನಿಯ ಹೆಸರಿಲ್ಲ. ಏನು ನಡೆಯಿತು ಎಂದೂ ಇಲ್ಲ. ಬೇರೆ ಊರಿನಿಂದ ಬಂದವನು ಓದಿದರೆ ಯಾವುದಕ್ಕೆ ಇದು ಎಂದು ತಿಳಿಯುವುದೇ ಇಲ್ಲ. ನನ್ನ ಕೈಯದೇ ಬರಹ ಅನಿಸಿಬಿಟ್ಟಿತು! ಬಹಿಷ್ಕರಿಸಿದವರೂ ಒಪ್ಪಲಿಲ್ಲ, ಮಲ್ವೇನಿಯ ಪರ ಇದ್ದವರೂ ಕ್ಷಮಿಸಲಿಲ್ಲ. ಕಂಪನಿಯಿಂದ ತನಗೆ ಯಾರೂ ಫೋನ್ ಕೂಡ ಮಾಡಲಿಲ್ಲ ಎಂದು ಜೂನ್ ಕೊನೆಗೆ ಆಕೆಯೇ ಹೇಳಿದರು. ಅಷ್ಟರೊಳಗೆ ಅಮೆರಿಕದ ಅತಿ ಹೆಚ್ಚು ಮಾರಾಟದ ಬಿಯರ್ ಎಂಬ ಪಟ್ಟ ಮೊಡೆಲೊ ಪಾಲಾಗಿತ್ತು.

ಆ ಒಂದು ಫೋನ್. ನನ್ನ ತಲೆಯಲ್ಲಿ ಕೂತಿರುವುದು ಅದೇ.

2018ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ಸ್ಟಾರ್‌ಬಕ್ಸ್ ಅಂಗಡಿಯೊಂದರಲ್ಲಿ ಯಾರಿಗೋ ಕಾಯುತ್ತಾ ಕೂತಿದ್ದ ಇಬ್ಬರು ಕಪ್ಪು ಯುವಕರನ್ನು ಪೊಲೀಸರು ಹಿಡಿದುಕೊಂಡು ಹೋದರು. ಫೋನ್ ಮಾಡಿದ್ದು ಅಂಗಡಿಯವರೇ. ಸಿಇಒ ಕೆವಿನ್ ಜಾನ್ಸನ್ ಮೊದಲು ಒಂದು ಲಿಖಿತ ಹೇಳಿಕೆ ಕೊಟ್ಟರು. ಅದನ್ನೂ ಜನ ಹೀಯಾಳಿಸಿದರು. ಆಮೇಲೆ ಅವರು ಕ್ಯಾಮೆರಾ ಮುಂದೆ ಬಂದರು, ಆ ಊರಿಗೆ ಹೋದರು, ಆ ಇಬ್ಬರನ್ನೂ ಎದುರು ಕೂತು ಭೇಟಿ ಮಾಡಿದರು. ಮೇ 29ರ ಮಧ್ಯಾಹ್ನ ಅಮೆರಿಕದಲ್ಲಿ 8,000ಕ್ಕೂ ಹೆಚ್ಚು ಅಂಗಡಿ ಮುಚ್ಚಿ ನೌಕರರಿಗೆ ತರಬೇತಿ ಕೊಡಿಸಿದರು. ಒಂದು ಮಧ್ಯಾಹ್ನದ ತರಬೇತಿಯಿಂದ ಏನಾಗುತ್ತದೆ ಎಂದು ಕೇಳಿದವರೂ ಇದ್ದಾರೆ, ಕೇಳಬೇಕಾದ್ದೇ. ಆದರೆ ಮುಖ್ಯಸ್ಥ ಎದುರಿಗೆ ಬಂದು ಕೂತನಲ್ಲ, ಅದನ್ನು ಯಾವ ಡ್ರಾಫ್ಟಿನಲ್ಲೂ ಬರೆಯಲು ಆಗುವುದಿಲ್ಲ.

ಸಂಪಾದಕರೇ, ಇಷ್ಟು ಬರೆದದ್ದು ನಿಮ್ಮಿಂದ ಒಂದು ಕೆಲಸ ಆಗಬೇಕು ಎಂದು. ಕಂಪನಿಗಳನ್ನು ಬಿಡಿ, ಅವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ‘ನೋವಾಗಿದ್ದರೆ ವಿಷಾದ’ ಎಂದು ನೋಟ್ ಬಂದರೆ ದಯವಿಟ್ಟು ‘ಕ್ಷಮೆ’ ಎಂದು ಶೀರ್ಷಿಕೆ ಕೊಡಬೇಡಿ. ಅವರು ಕೇಳದ ಕ್ಷಮೆಯನ್ನು ನೀವು ಯಾಕೆ ಕೇಳಿಸುತ್ತೀರಿ? ನೋಟಿನಲ್ಲಿರುವ ಪದವನ್ನೇ ಹಾಕಿ. ಅದಕ್ಕೆ ಸಹಿ ಯಾರದು ಎಂದು ಬರೆಯಿರಿ. ಸಹಿ ಇಲ್ಲದಿದ್ದರೆ ಇಲ್ಲ ಎಂದು ಬರೆಯಿರಿ. ‘ಕಂಪನಿ ಮೂಲಗಳು’ ಎಂದು ನಿಮ್ಮ ವರದಿಗಾರರು ಬರೆಯುತ್ತಾರಲ್ಲ, ಆ ಮೂಲ ಬಹಳ ಸಲ ನಾನೇ ಆಗಿದ್ದೆ. ನೋಟಿನಲ್ಲಿ ಹೇಳಲು ಧೈರ್ಯವಿಲ್ಲದ್ದನ್ನು ಫೋನಿನಲ್ಲಿ ಹೇಳಿಸುತ್ತಿದ್ದರು. ಮೂರು ದಿನ ಬಿಟ್ಟು ಎರಡನೇ ನೋಟ್ ಬಂದರೆ ಮೊದಲನೆಯದನ್ನು ಪಕ್ಕದಲ್ಲೇ ಅಚ್ಚು ಹಾಕಿ. ನಮಗೆ ಅದಕ್ಕಿಂತ ದೊಡ್ಡ ಭಯ ಬೇರೆ ಇರಲಿಲ್ಲ. ಜನ ಮರೆತಿರುತ್ತಾರೆ ಎಂಬ ನಂಬಿಕೆಯ ಮೇಲೇ ನಮ್ಮ ಎರಡನೇ ನೋಟ್ ನಿಂತಿರುತ್ತಿತ್ತು. ಮತ್ತೆ ವರದಿಗಾರರಿಗೆ ಹೇಳಿ, ಒಂದು ಪ್ರಶ್ನೆ ಜಾಸ್ತಿ ಕೇಳಲಿ. ನಿಮ್ಮ ನೌಕರರಿಗೆ ಇದನ್ನು ಎಷ್ಟು ಗಂಟೆಗೆ ತಿಳಿಸಿದಿರಿ ಎಂದು. ಆ ಪ್ರಶ್ನೆಯನ್ನು 22 ವರ್ಷದಲ್ಲಿ ಒಬ್ಬರೂ ನನ್ನನ್ನು ಕೇಳಲಿಲ್ಲ.

ಇನ್ನೊಂದು ವಿಷಯ ಬರೆಯದಿದ್ದರೆ ಈ ಕಾಗದವೂ ನನ್ನ ಹಳೆಯ ನೋಟುಗಳ ಸಾಲಿಗೇ ಸೇರುತ್ತದೆ.

ಆ 11 ಡ್ರಾಫ್ಟುಗಳು ನನ್ನ ಹತ್ತಿರ ಇವೆ. ಇಟ್ಟುಕೊಳ್ಳಬಾರದಿತ್ತು, ಇಟ್ಟುಕೊಂಡಿದ್ದೇನೆ. ಮೊನ್ನೆ ನಿಮ್ಮ ಲೇಖನ ಓದಿದ ಮೇಲೆ ತೆಗೆದು ನೋಡಿದೆ. ಮೂರನೆಯದು ನನ್ನ ಬರಹವಲ್ಲ. ಅವತ್ತು ಹತ್ತೂವರೆಯ ಹೊತ್ತಿಗೆ ಎಂಡಿ ಕಿಟಕಿಯಿಂದ ಬಂದು, ನನ್ನ ಪೆನ್ ಇಸಿದುಕೊಂಡು, ನಿಂತಲ್ಲೇ ಬಗ್ಗಿ ಬರೆದದ್ದು. ‘ಆದೇಶದ ಬಗ್ಗೆ ನನ್ನ ಅಭಿಪ್ರಾಯ ಹೇಳಿದ್ದೇನೆ, ಅದು ಹಾಗೇ ಇದೆ. ಆದರೆ ಅದಕ್ಕಾಗಿ ಅಷ್ಟು ವರ್ಷ ಕಾದವರ ವಿಷಯದಲ್ಲಿ ನಾನು ತಮಾಷೆ ಮಾಡಬಾರದಿತ್ತು. ನಕ್ಕಿದ್ದು ನನ್ನ ತಪ್ಪು. ಕ್ಷಮಿಸಿ.’

ಲೀಗಲ್‌ನವರು ಆಗ ಫೋನಿಗೆಂದು ಹೊರಗೆ ಹೋಗಿದ್ದರು. ಏಜೆನ್ಸಿಯ ಹುಡುಗ ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದ. ಓದಿದವಳು ನಾನೊಬ್ಬಳೇ. ‘ಹೇಗಿದೆ?’ ಎಂದು ಕೇಳಿದರು. ‘ಚೆನ್ನಾಗಿದೆ ಸರ್, ಆದರೆ ಇದು ಎರಡೂ ಕಡೆಯವರನ್ನು ಕೆರಳಿಸುತ್ತೆ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಸರಿ, ನಿಮಗೆ ಗೊತ್ತಿರುತ್ತೆ’ ಎಂದು ಪೆನ್ ವಾಪಸ್ ಕೊಟ್ಟರು. ಅದೇ ಪೆನ್ನಿನಲ್ಲಿ ಅಡ್ಡ ಗೀಟು ಹಾಕಿದ್ದೇನೆ, ಮೂಲೆಯಿಂದ ಮೂಲೆಗೆ. ಕೆಳಗೆ ನನ್ನ ಅಕ್ಷರದಲ್ಲಿ ನಾಲ್ಕನೇ ಡ್ರಾಫ್ಟ್ ಶುರುವಾಗುತ್ತದೆ. ‘ಯಾರಿಗಾದರೂ...’

ಇಂತಿ,
ನಿಮ್ಮ ಓದುಗಾರ್ತಿ
(ಹೆಸರು ಬೇಡ)